ತಾರೆಯ ತೊಟ್ಟಿಲಿಗೆ ಹಿಮದ ಹೊದಿಕೆ

ವೈಶಾಖದ ಹಗಲು ಮಾದನಹಿಪ್ಪರಗಾದ ಎರೆನೆಲವನ್ನು ಕಾದ ಹಂಚಿನಂತೆ ಮಾಡುತ್ತದೆ. ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಈ ಊರಿನಲ್ಲಿ ಆ ದಿನಗಳ ತಾಪ 40 ಡಿಗ್ರಿಯನ್ನು ಮೀರುವುದು ಅಪರೂಪವೇನಲ್ಲ. ತೊಗರಿ, ಜೋಳಗಳ ಹೊಲಗಳೆಲ್ಲ ಬರಿದಾಗಿ, ನೆಲವು ಬಿರುಕುಬಿಟ್ಟು ಮುಂಗಾರಿನ ದಾರಿಯನ್ನು ಕಾಯುತ್ತಿರುತ್ತದೆ. ಇರುಳಾದರೂ ಮನೆಯ ಗೋಡೆಗಳು ಹಗಲು ಕುಡಿದ ಬಿಸಿಯನ್ನು ಬಿಟ್ಟುಕೊಡುವುದಿಲ್ಲ. ಜನರು ಹಾಸಿಗೆಯನ್ನು ಹೊತ್ತು ಮಾಳಿಗೆಯನ್ನೇರುತ್ತಾರೆ.

ಹಾಗೆ ಮಾಳಿಗೆಯ ಮೇಲೆ ಮಲಗಿದವರೊಬ್ಬರಿಗೆ ಮೇ ತಿಂಗಳ ನಡುವಿನ ಒಂದು ಇರುಳು, ಎರಡೂವರೆ ಗಂಟೆಯ ಹೊತ್ತಿಗೆ, ಎಚ್ಚರವಾಯಿತೆನ್ನೋಣ. ಚಂದ್ರನಿಲ್ಲದ ಇರುಳು. ಅವರು ದಕ್ಷಿಣದತ್ತ ಮುಖ ಮಾಡಿದರೆ ವೃಶ್ಚಿಕ ರಾಶಿಯ ಚೇಳು ಕೊಂಡಿಯನ್ನೆತ್ತಿ ನಿಂತಿರುವುದು ಕಾಣುತ್ತದೆ. ಆ ಕೊಂಡಿಯೇ ನಮ್ಮ ಹಿರಿಯರು ‘ಮೂಲಾ’ ಎಂದು ಕರೆದ ನಕ್ಷತ್ರ. ಕೈಯನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದು ಮುಚ್ಚುವಷ್ಟು ಅಂತರವನ್ನು ಕೊಂಡಿಯಿಂದ ಮೇಲಕ್ಕೆ, ತುಸು ಎಡಕ್ಕೆ, ಅಳೆಯಬೇಕು. ಅಲ್ಲಿ ಹಾಲು ಚೆಲ್ಲಿದಂತೆ ಹರಡಿದ ಆಕಾಶಗಂಗೆಯು ಉಳಿದೆಡೆಗಿಂತ ಹೆಚ್ಚು ಅಗಲವಾಗಿ, ನಡುನಡುವೆ ಮಸಿ ಬಳಿದಂತೆ ಕಪ್ಪಾಗಿ ತೋರುತ್ತದೆ. ಇಪ್ಪತ್ತಾರು ಸಾವಿರ ಜ್ಯೋತಿರ್ವರ್ಷಗಳಿಗೂ ಮಿಕ್ಕ ದೂರದಲ್ಲಿ, ಆ ಮಸಿಯ ಆಚೆಗೆ, ನಮ್ಮ ಗೆಲಾಕ್ಸಿಯ ಕೇಂದ್ರವಿದೆ. ಅಲ್ಲಿಂದ ಇಂದು ಬಂದು ಮುಟ್ಟುವ ಕಿರಣವು ಹೊರಟಾಗ ಭೂಮಿಯ ಮೇಲೆ ಹೊಲವೂ ಇರಲಿಲ್ಲ, ಊರೂ ಇರಲಿಲ್ಲ.

ಲಂಡನ್ನಿನವರಿಗೆ ಈ ಕೇಂದ್ರವು ಕ್ಷಿತಿಜದಿಂದ ಒಂಬತ್ತು-ಹತ್ತು ಡಿಗ್ರಿಗಳಿಗಿಂತ ಮೇಲೇರುವುದೇ ಇಲ್ಲ. ಮಾದನಹಿಪ್ಪರಗಾದಲ್ಲಾದರೋ ಅದು 43 ಡಿಗ್ರಿಗಳಷ್ಟು, ಎಂದರೆ ನೆತ್ತಿಗೆ ಅರ್ಧ ದಾರಿಯಷ್ಟು, ಮೇಲಕ್ಕೆ ಬರುತ್ತದೆ. ‘ಮೂಲಾ’ ಎಂಬ ಹೆಸರಿಟ್ಟವರಿಗೆ ಗೆಲಾಕ್ಸಿಯ ಮೂಲಸ್ಥಾನವು ಅದರ ಮಗ್ಗುಲಲ್ಲೇ ಇದೆಯೆಂಬುದು ತಿಳಿದಿರಲಾರದು. ಇದು ಕೇವಲ ಕಾಕತಾಳೀಯ. ಆದರೂ ನೆನೆದರೆ ಮನಸ್ಸಿಗೆ ಹಿತವಾಗುವ ಕಾಕತಾಳೀಯ.

ಬೆವರನ್ನೊರೆಸಿಕೊಳ್ಳುತ್ತ ಆ ಕಡೆಗೆ ನೋಡುವ ವ್ಯಕ್ತಿಗೆ ಅಲ್ಲಿ ಹಿಮವಿದೆಯೆಂದು ಹೇಳಿದರೆ ನಂಬುವುದು ಕಷ್ಟ. ಆದರೆ ಇದೆ. ಹಿಮಾಲಯವನ್ನು ನಾಚಿಸುವಷ್ಟು ಇದೆ. ಅದಕ್ಕಿಂತ ಸ್ವಾರಸ್ಯದ ಮಾತೆಂದರೆ, ಆ ಕೇಂದ್ರದಲ್ಲಿ ಹೊಸ ನಕ್ಷತ್ರ ಯಾವುದು, ಹೊಸದರ ವೇಷ ಹಾಕಿದ ಹಳೆಯದು ಯಾವುದು ಎಂಬ ವ್ಯಾಜ್ಯದಲ್ಲಿ ಸಾಕ್ಷಿ ನುಡಿಯಲು ಬಂದದ್ದು ಆ ಹಿಮವೇ!

ದೂಳಿನ ತೆರೆ

ಕೇಂದ್ರವನ್ನು ಮರೆಮಾಡಿರುವ ಆ ಮಸಿ ಯಾವುದು? ಅದು ದೂಳು. ಮರಳಿನ ಜಾತಿಯ ಮತ್ತು ಇದ್ದಿಲಿನ ಜಾತಿಯ ಅತಿ ಸೂಕ್ಷ್ಮ ಕಣಗಳು. ಒಂದೊಂದು ಕಣದ ಗಾತ್ರ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು. ಕಣಗಳು ಒತ್ತೊತ್ತಾಗಿಯೂ ಇಲ್ಲ. ಆದರೆ ದಾರಿ ಸಾವಿರಾರು ಜ್ಯೋತಿರ್ವರ್ಷಗಳದ್ದಾದಾಗ ವಿರಳವಾದ ದೂಳೂ ಗೋಡೆಯಾಗುತ್ತದೆ. ಕೇಂದ್ರದಿಂದ ಹೊರಟ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಲಕ್ಷಕೋಟಿಗೆ ಒಂದು ಪಾಲು ಮಾತ್ರ ನಮ್ಮನ್ನು ತಲಪೀತು. ಎಂಥ ದೊಡ್ಡ ದೂರದರ್ಶಕವಾದರೂ ಆ ಬೆಳಕಿನಿಂದ ಏನನ್ನೂ ಕಾಣಲಾರದು.

ಹೀಗಾಗಿ ಕೇಂದ್ರವು ಎಲ್ಲಿದೆಯೆಂಬುದನ್ನು ಮೊದಲು ಕಂಡದ್ದು ಕಣ್ಣಲ್ಲ, ಲೆಕ್ಕ. ಅಮೆರಿಕದ ಹಾರ್ಲೊ ಶಾಪ್ಲೆಯವರು 1918ರಲ್ಲಿ ಗೋಳಾಕಾರದ ತಾರಾಗುಚ್ಛಗಳು ಆಕಾಶದಲ್ಲಿ ಹೇಗೆ ಹರಡಿವೆಯೆಂಬುದನ್ನು ಪರಿಶೀಲಿಸಿ, ಅವೆಲ್ಲ ಧನು ರಾಶಿಯ ದಿಕ್ಕಿನ ಒಂದು ಬಿಂದುವನ್ನು ಸುತ್ತುವರಿದಿರುವುದನ್ನು ತೋರಿಸಿದರು. ಸೂರ್ಯನು ಗೆಲಾಕ್ಸಿಯ ನಡುವೆ ಇಲ್ಲ, ಅಂಚಿನ ಕಡೆಗಿದ್ದಾನೆ ಎಂಬುದು ಅಂದು ತಿಳಿಯಿತು. ಕಾರ್ಲ್ ಜಾನ್‌ಸ್ಕಿ ಎಂಬ ಇಂಜಿನಿಯರು ದೂರವಾಣಿಗೆ ಅಡಚಣೆ ಮಾಡುವ ಗೊರಗೊರ ಸದ್ದಿನ ಮೂಲವನ್ನು ಹುಡುಕಹೊರಟು, ಅದರ ಒಂದಂಶವು ಅದೇ ಧನು ರಾಶಿಯಿಂದ ಬರುತ್ತಿದೆಯೆಂದು 1933ರಲ್ಲಿ ಪ್ರಕಟಿಸಿದರು. ಎರಿಕ್ ಬೆಕ್ಲಿನ್ ಮತ್ತು ಗೆರಿ ನಾಯ್‌ಗೆಬಾವರ್ 1966ರಲ್ಲಿ ಕೇಂದ್ರದ ನಕ್ಷತ್ರರಾಶಿಯನ್ನು ಅವಗೆಂಪು ಕಿರಣಗಳಲ್ಲಿ ಮೊದಲ ಸಲ ಗುರುತಿಸಿದರು.

ಅವಗೆಂಪು ಎಂದರೆ ಕಾಮನಬಿಲ್ಲಿನ ಕೆಂಪು ಅಂಚಿನಿಂದ ಆಚೆಗಿರುವ, ಕಣ್ಣಿಗೆ ಕಾಣದ, ಚರ್ಮಕ್ಕೆ ಬಿಸಿಯಾಗಿ ಮಾತ್ರ ತಿಳಿಯುವ ಬೆಳಕು. ಮಾಳಿಗೆಯ ಮೇಲೆ ಮಲಗಿದವರ ಬೆನ್ನಿಗೆ ಗಚ್ಚು ಬಿಡುವ ಕಾವು ಅದೇ. ಅದರ ಅಲೆಗಳು ದೂಳಿನ ಕಣಗಳಿಗಿಂತ ದೊಡ್ಡವು. ಆದುದರಿಂದ ಅವು ದೂಳಿಗೆ ಸಿಕ್ಕಿ ಚೆದರುವುದು ಕಡಿಮೆ. ಕಾಣುವ ಬೆಳಕಿನಲ್ಲಿ ಲಕ್ಷಕೋಟಿಗೆ ಒಂದು ಪಾಲು ಬರುವೆಡೆಯಲ್ಲಿ, ಎರಡು ಮೈಕ್ರಾನಿಗೂ ಮಿಕ್ಕಿ ಉದ್ದವಿರುವ ಅಲೆಯಲ್ಲಿ ಹತ್ತಕ್ಕೆ ಒಂದು ಪಾಲು ಬಂದು ಸೇರುತ್ತದೆ. ರೇಡಿಯೊ ಅಲೆಗಳಂತೂ ದೂಳನ್ನು ಲೆಕ್ಕಿಸುವುದೇ ಇಲ್ಲ.

ಬೆಂಗಳೂರಿನ ಪಾಲು

ಈ ದೂಳಿನ ತೆರೆಯನ್ನು ಸರಿಸಿ ನೋಡಿದವರಲ್ಲಿ ಬೆಂಗಳೂರಿನವರೂ ಇದ್ದಾರೆ. ಸರ್ ಸಿ.ವಿ. ರಾಮನ್ನರು 1948ರಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯ ಹೊಣೆಯನ್ನು ಅವರ ಪುತ್ರ ವಿ. ರಾಧಾಕೃಷ್ಣನ್ 1972ರಲ್ಲಿ ವಹಿಸಿಕೊಂಡರು. ಅವರ ಕಾಲದಲ್ಲಿ ಅದು ರೇಡಿಯೊ ಖಗೋಳ ವಿಜ್ಞಾನದ ದೊಡ್ಡ ಕೇಂದ್ರವಾಯಿತು. ಅದೂ ಭಾರತೀಯ ಖಭೌತ ಸಂಸ್ಥೆಯೂ ಕೂಡಿ ಗೌರಿಬಿದನೂರಿನ ಬಯಲಿನಲ್ಲಿ ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ಒಂದು ಸಾವಿರ ಆಂಟೆನಗಳನ್ನು ನೆಟ್ಟು, ಒಂದೂಕಾಲು ಕಿಲೋಮೀಟರಿಗೂ ಉದ್ದವಾದ ತೋಳಿನ ರೇಡಿಯೊ ದೂರದರ್ಶಕವನ್ನು ಕಟ್ಟಿದವು.

ಗೆಲಾಕ್ಸಿಯ ಕೇಂದ್ರದ ದಿಕ್ಕಿನಲ್ಲಿ ಜಲಜನಕದ ಅನಿಲವು ರೇಡಿಯೊ ಅಲೆಗಳನ್ನು ಹೀರಿಕೊಳ್ಳುವ ಬಗೆಯನ್ನು ಕುರಿತು ರಾಧಾಕೃಷ್ಣನ್ ಮತ್ತು ಎನ್.ವಿ.ಜಿ. ಶರ್ಮ 1980ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಅದೇ ಸಂಸ್ಥೆಯ ಕೆ.ಆರ್. ಅನಂತರಾಮಯ್ಯನವರು ಅಮೆರಿಕದ ‘ವೆರಿ ಲಾರ್ಜ್ ಅರೆ’ ಎಂಬ ರೇಡಿಯೊ ದೂರದರ್ಶಕಗಳ ಸಮೂಹದಿಂದ ಕೇಂದ್ರದ ಸುತ್ತಣ ಪ್ರದೇಶವನ್ನು ಸಂಗಡಿಗರೊಡನೆ ಅಭ್ಯಸಿಸಿದರು. ಅವರ ಮತ್ತೊಂದು ಕೆಲಸ ಈ ಕಥೆಗೆ ಇನ್ನೂ ಹತ್ತಿರವಾದುದು. ಅದು ಮುಂದೆ ಬರುತ್ತದೆ.

ರೇಡಿಯೊ ಅಲೆಗಳು ಅನಿಲದ ಸಮಾಚಾರವನ್ನು ತರುತ್ತವೆ. ಹೆಪ್ಪುಗಟ್ಟಿದ ವಸ್ತುವಿನ ಸಮಾಚಾರವನ್ನು ತರಬೇಕಾದರೆ ಅವಗೆಂಪೇ ಬೇಕು. ಹಾಗಾದರೆ ಅಲ್ಲಿ ಹೆಪ್ಪುಗಟ್ಟಿದ್ದು ಏನು, ಹೇಗೆ?

ಇಬ್ಬನಿಯ ನ್ಯಾಯ

ಇದಕ್ಕೆ ಉತ್ತರವನ್ನು ಆಳಂದ ಸೀಮೆಯ ಚಳಿಗಾಲದ ಹೊಲದಲ್ಲಿ ಕಾಣಬಹುದು. ಹಿಂಗಾರಿ ಜೋಳದ ಎಲೆಯ ಮೇಲೆ ಬೆಳಗಿನ ಜಾವ ಇಬ್ಬನಿ ಕೂಡಿರುತ್ತದೆ. ಸುತ್ತಲಿನ ಗಾಳಿ ಅಷ್ಟು ತಣ್ಣಗಿರುವುದಿಲ್ಲ, ಎಲೆ ಮಾತ್ರ ತಣ್ಣಗಾಗಿರುತ್ತದೆ. ತೆರೆದ ಆಕಾಶಕ್ಕೆ ಮುಖ ಮಾಡಿದ ಎಲೆಯು ತನ್ನ ಕಾವನ್ನು ಅವಗೆಂಪು ಕಿರಣಗಳಾಗಿ ಮೇಲಕ್ಕೆ ಬಿಟ್ಟುಕೊಟ್ಟು ಗಾಳಿಗಿಂತ ಹೆಚ್ಚು ತಂಪಾಗುತ್ತದೆ. ಗಾಳಿಯಲ್ಲಿದ್ದ ಆವಿಯು ಆ ತಂಪಿಗೆ ಹನಿಯಾಗಿ ಅಂಟುತ್ತದೆ. ಮೋಡ ಕವಿದ ಇರುಳು ಇಬ್ಬನಿ ಬೀಳದಿರುವುದಕ್ಕೂ ಇದೇ ಕಾರಣ. ಎಲೆ ಬಿಟ್ಟ ಕಾವನ್ನು ಮೋಡವು ಹಿಂದಿರುಗಿಸುತ್ತದೆ.

ನಕ್ಷತ್ರಗಳ ನಡುವಣ ದೂಳಿನ ಕಣವೂ ಹಾಗೆಯೇ. ದಟ್ಟವಾದ ಅನಿಲಮೇಘದ ಒಡಲಿನಲ್ಲಿ, ಯಾವ ನಕ್ಷತ್ರದ ಬೆಳಕೂ ತಲಪದ ಕತ್ತಲೆಯಲ್ಲಿ, ಕಣವು ತನ್ನ ಕಾವನ್ನೆಲ್ಲ ಹೊರಚೆಲ್ಲಿ ಸೊನ್ನೆಗಿಂತ 260 ಡಿಗ್ರಿಗಳಷ್ಟು ಕೆಳಗಿಳಿಯುತ್ತದೆ. ಅದಕ್ಕೆ ತಾಗಿದ ಅಣು-ಪರಮಾಣುಗಳು ಅಂಟಿಕೊಳ್ಳುತ್ತವೆ. ಅಂಟಿಕೊಂಡು ಸುಮ್ಮನಿರುವುದಿಲ್ಲ. ಆಮ್ಲಜನಕವೂ ಜಲಜನಕವೂ ಸಂಧಿಸಿ ನೀರಾಗುತ್ತದೆ. ಇಂಗಾಲದ ಮಾನಾಕ್ಸೈಡಿನ ಅಣುವಿಗೆ ಜಲಜನಕದ ಪರಮಾಣುಗಳು ಒಂದಾದ ಮೇಲೊಂದು ಕೂಡಿ ಮೀಥೈಲ್ ಆಲ್ಕೋಹಾಲ್ ಆಗುತ್ತದೆ. ಅಮೋನಿಯಾ, ಮೀಥೇನ್, ಇಂಗಾಲದ ಡೈಆಕ್ಸೈಡುಗಳೂ ಸೇರುತ್ತವೆ. ಲಕ್ಷಾಂತರ ವರ್ಷಗಳಲ್ಲಿ ಕಣದ ಸುತ್ತ ಒಂದು ಹಿಮದ ಸಿಪ್ಪೆ ಬೆಳೆಯುತ್ತದೆ. ಅದರಲ್ಲಿ ನೀರಿನದೇ ಸಿಂಹಪಾಲು. ಆಕಾಶದಲ್ಲಿ ನೀರು ಹುಟ್ಟುವ ಮುಖ್ಯ ಸ್ಥಳವೆಂದರೆ ಬರಿಗಣ್ಣಿಗೆ ಕಾಣದ ಈ ದೂಳಿನ ಕಣವೇ.

ಇಂಥ ಹಿಮ ಇರಬಹುದೆಂದು ಆರ್ಥರ್ ಎಡಿಂಗ್ಟನ್ 1937ರಲ್ಲಿಯೇ ಸೂಚಿಸಿದ್ದರು. ಡಚ್ ವಿಜ್ಞಾನಿ ಹೆಂಡ್ರಿಕ್ ವಾನ್ ಡ ಹುಲ್ಸ್ಟ್ 1940ರ ದಶಕದಲ್ಲಿ ಆ ಊಹೆಯನ್ನು ಲೆಕ್ಕಾಚಾರದಿಂದ ಬೆಳೆಸಿದರು. ಕಣ್ಣಾರೆ ಕಂಡದ್ದು 1973ರಲ್ಲಿ. ಗಿಲೆಟ್ ಮತ್ತು ಫಾರೆಸ್ಟ್ ಎಂಬ ಅಮೆರಿಕದ ವಿಜ್ಞಾನಿಗಳು ಮಹಾವ್ಯಾಧ ನಕ್ಷತ್ರಪುಂಜದ ಒಂದು ಎಳೆಯ ತಾರೆಯ ಬೆಳಕನ್ನು ಬಿಡಿಸಿ ನೋಡಿದಾಗ, ಮೂರು ಮೈಕ್ರಾನಿನ ಬಳಿ ಒಂದು ಆಳವಾದ ಕಪ್ಪು ಪಟ್ಟೆ ತೋರಿತು. ಅದು ನೀರ್ಗಲ್ಲಿನ ಪಟ್ಟೆ.

ಪಟ್ಟೆ ಬೀಳುವುದೇಕೆ? ಅಣುವು ಜಡವಾದ ಗುಂಡಲ್ಲ. ಅದರ ಪರಮಾಣುಗಳು ವೀಣೆಯ ತಂತಿಗಳಂತೆ ತಮ್ಮವೇ ಆದ ಶ್ರುತಿಗಳಲ್ಲಿ ಮಿಡಿಯುತ್ತಿರುತ್ತವೆ. ಆ ಶ್ರುತಿಗೆ ಹೊಂದುವ ಅವಗೆಂಪು ಬೆಳಕನ್ನು ಅಣುವು ನುಂಗಿಬಿಡುತ್ತದೆ. ನುಂಗಿದ ಜಾಗವು ರೋಹಿತದಲ್ಲಿ ಕಪ್ಪಾಗಿ ಉಳಿಯುತ್ತದೆ. ನೀರಿಗೆ ಒಂದು ಶ್ರುತಿ, ಇಂಗಾಲದ ಮಾನಾಕ್ಸೈಡಿಗೆ ಮತ್ತೊಂದು. 1928ರ ಫೆಬ್ರವರಿ 28ರಂದು ಲೋಕಕ್ಕೆ ತಿಳಿದ ರಾಮನ್ ಪರಿಣಾಮವೂ ಅಣುಗಳ ಇದೇ ಮಿಡಿತವನ್ನು ಬೇರೊಂದು ದಾರಿಯಿಂದ ಓದುವ ವಿದ್ಯೆ. ತಂದೆ ಪ್ರಯೋಗಶಾಲೆಯ ದ್ರವಗಳಲ್ಲಿ ಅಣುಗಳ ಮಿಡಿತವನ್ನು ಕಂಡರು. ಮಗ ಗೆಲಾಕ್ಸಿಯ ಅನಿಲಮೇಘಗಳ ಕಡೆಗೆ ಕಿವಿಯಿಟ್ಟರು.

ಬಿತ್ತನೆ ಹೇರಳ, ಬೆಳೆ ವಿರಳ

ಈಗ ಮುಖ್ಯವಾದ ಒಗಟಿಗೆ ಬರಬಹುದು. ಗೆಲಾಕ್ಸಿಯ ನಟ್ಟನಡುವೆ ನಲವತ್ತು ಲಕ್ಷ ಸೂರ್ಯರಷ್ಟು ತೂಕದ ಒಂದು ಕಪ್ಪುಕುಳಿಯಿದೆ. ಅದನ್ನು ತೋರಿಸಿಕೊಟ್ಟುದಕ್ಕಾಗಿ ರೈನ್‌ಹಾರ್ಟ್ ಗೆಂಜೆಲ್ ಮತ್ತು ಆಂಡ್ರಿಯಾ ಗೆಜ್ 2020ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. 2022ರ ಮೇ 12ರಂದು ಅದರ ನೆರಳಿನ ಚಿತ್ರವನ್ನೂ ಲೋಕವು ಕಂಡಿತು. ಆದರೆ ಇಲ್ಲಿಯ ಪ್ರಶ್ನೆ ಕಪ್ಪುಕುಳಿಯದಲ್ಲ, ಅದರ ಸುತ್ತ ನೂರಾರು ಜ್ಯೋತಿರ್ವರ್ಷಗಳವರೆಗೆ ಹಬ್ಬಿದ ಅನಿಲಮೇಘಗಳದು. ಆ ಮೇಘಗಳಲ್ಲಿ ಮೂರು ಕೋಟಿಗೂ ಹೆಚ್ಚು ಸೂರ್ಯರನ್ನು ಮಾಡಬಹುದಾದಷ್ಟು ಸಾಮಗ್ರಿಯಿದೆ. ನಮ್ಮ ಸೂರ್ಯನ ನೆರೆಹೊರೆಯ ಮೇಘಗಳಿಗಿಂತ ಅವು ಎಷ್ಟೋ ಪಾಲು ದಟ್ಟವಾದವು. ದಟ್ಟವಾದ ಮೇಘವು ತನ್ನ ಭಾರಕ್ಕೇ ಕುಸಿದು ನಕ್ಷತ್ರವಾಗುತ್ತದೆಯೆಂಬುದು ನಿಯಮ. ಹಾಗಾದರೆ ಅಲ್ಲಿ ನಕ್ಷತ್ರಗಳು ಪುಂಖಾನುಪುಂಖವಾಗಿ ಹುಟ್ಟಬೇಕು.

ಹುಟ್ಟುತ್ತಿಲ್ಲ. ಲೆಕ್ಕದ ಪ್ರಕಾರ ಹುಟ್ಟಬೇಕಾದುದರ ಹತ್ತರಲ್ಲಿ ಒಂದು ಪಾಲು ಮಾತ್ರ ಹುಟ್ಟುತ್ತಿವೆ.

ಎರೆನೆಲದ ರೈತರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಭೂಮಿ ಎಷ್ಟೇ ಫಲವತ್ತಾಗಿರಲಿ, ಬೀಜ ಎಷ್ಟೇ ಇರಲಿ, ನೆಲಕ್ಕೆ ಹದ ಬಾರದೆ ಕೂರಿಗೆ ಹೂಡುವವರಿಲ್ಲ. ಒಣಗಿದ ನೆಲವೂ ಬಾರದು, ಕೆಸರಾದ ನೆಲವೂ ಬಾರದು. ಗೆಲಾಕ್ಸಿಯ ಕೇಂದ್ರದಲ್ಲಿ ಸಾಮಗ್ರಿ ಇದೆ, ಹದವಿಲ್ಲ. ಅನಿಲವು ಅಲ್ಲಿ ಬಿಸಿಯಾಗಿದೆ. ಪ್ರಚಂಡವಾದ ಸುಳಿಗಳು ಅದನ್ನು ಕಲಕುತ್ತಿರುತ್ತವೆ. ಬಲವಾದ ಅಯಸ್ಕಾಂತ ಕ್ಷೇತ್ರವು ಅದು ಕುಸಿಯದಂತೆ ಹಿಡಿದು ನಿಲ್ಲಿಸುತ್ತದೆ. ಕೇಂದ್ರದ ಗುರುತ್ವವು ಮೇಘಗಳನ್ನು ಎಳೆದು ಹಿಂಜುತ್ತದೆ. ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಎಲ್ಲ ಗೆಲಾಕ್ಸಿಗಳ ಕೇಂದ್ರವೂ ಹೀಗೆ ಬಂಜೆಯಲ್ಲ. ಅನಂತರಾಮಯ್ಯನವರ ಆ ಇನ್ನೊಂದು ಕೆಲಸ ಇಲ್ಲಿಗೆ ಬರುತ್ತದೆ. ಆರ್ಪ್ 220 ಎಂಬುದು ಎರಡು ಗೆಲಾಕ್ಸಿಗಳು ಡಿಕ್ಕಿ ಹೊಡೆದು ಒಂದಾಗುತ್ತಿರುವ ಸ್ಥಳ. ಅವುಗಳ ನಡುವಣ ದೂಳು ನಮ್ಮ ಗೆಲಾಕ್ಸಿಯ ದೂಳಿಗಿಂತಲೂ ದಟ್ಟ. ಅನಂತರಾಮಯ್ಯನವರೂ ಅವರ ಸಂಗಡಿಗರೂ 2000ದಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಜಲಜನಕವು ಹೊರಸೂಸುವ ರೇಡಿಯೊ ರೇಖೆಗಳನ್ನು ಹಿಡಿದು ಆ ದೂಳಿನ ಒಳಹೊಕ್ಕು ಲೆಕ್ಕ ಹಾಕಿದರು. ಅಲ್ಲಿ ವರ್ಷಕ್ಕೆ ನೂರಾರು ಸೂರ್ಯರ ತೂಕದಷ್ಟು ಹೊಸ ನಕ್ಷತ್ರಗಳು ಹುಟ್ಟುತ್ತಿರುವುದು ಕಂಡುಬಂದಿತು. ಅಲ್ಲಿ ಅಂಥ ಸುಗ್ಗಿ, ಇಲ್ಲಿ ಇಂಥ ಬರ. ಒಂದೇ ನಿಯಮದ ಎರಡು ಹೊಲಗಳಲ್ಲಿ ಇಷ್ಟು ಅಂತರವೇಕೆ?

ಉತ್ತರ ಹುಡುಕುವ ಮೊದಲು ನಮ್ಮ ಹೊಲದ ಬೆಳೆಯನ್ನಾದರೂ ಸರಿಯಾಗಿ ಎಣಿಸಬೇಕಲ್ಲವೆ? ತೊಡಕು ಇದ್ದದ್ದು ಅಲ್ಲಿಯೇ.

ವೇಷಧಾರಿಗಳ ನಡುವೆ

ಹೊಸದಾಗಿ ಹುಟ್ಟುವ ನಕ್ಷತ್ರವು ದೂಳಿನ ಹೊದಿಕೆಯೊಳಗೆ ಅಡಗಿರುತ್ತದೆ. ಅದರ ಬೆಳಕು ದೂಳಿಗೆ ಕಾವು ಕೊಡುತ್ತದೆ. ಕಾವೇರಿದ ದೂಳು ಅವಗೆಂಪಿನಲ್ಲಿ ಹೊಳೆಯುತ್ತದೆ. ಆದುದರಿಂದ ಅವಗೆಂಪಿನಲ್ಲಿ ಬಹಳ ಕೆಂಪಾಗಿ ಹೊಳೆಯುವುದೆಲ್ಲ ಎಳೆಯ ತಾರೆಯೆಂದು ಎಣಿಸಬಹುದೆಂದು ತೋರುತ್ತದೆ. ಆದರೆ ಮುದಿ ನಕ್ಷತ್ರವೂ ಸಾಯುವ ಮುನ್ನ ತಾನೇ ದೂಳನ್ನು ಉಗುಳಿ ಅದರಲ್ಲಿ ಮುಸುಕಿಕೊಳ್ಳುತ್ತದೆ. ಇನ್ನು ಕೆಲವು ನಡುಹರೆಯದ ನಕ್ಷತ್ರಗಳು ದೂಳಿನ ಮೋಡದ ಹಿಂದೆ ನಿಂತು ಸುಮ್ಮನೆ ಕೆಂಪಾಗಿ ಕಾಣುತ್ತವೆ. ಕೇಂದ್ರದ ಕಡೆಗೆ ನೋಡುವಾಗ ದೂಳಿಗೆ ಕೊರತೆಯೇ? ಹಸುಗೂಸೂ ಮುದುಕನೂ ಒಂದೇ ಕಂಬಳಿ ಹೊದ್ದು ಕುಳಿತಂತಾಯಿತು.

ಇಲ್ಲಿ ಹಿಮವು ಸಾಕ್ಷಿಯಾಗಿ ಬಂದಿತು. ಎಳೆಯ ತಾರೆಯ ಸುತ್ತ ಇರುವುದು ಅದು ಹುಟ್ಟಿದ ತಣ್ಣನೆಯ ಮೇಘದ ಶೇಷ. ಅದರ ದೂಳಿನ ಮೇಲೆ ದೀರ್ಘಕಾಲದ ಕತ್ತಲೆಯಲ್ಲಿ ಬೆಳೆದ ಹಿಮವಿರುತ್ತದೆ, ಹಿಮದಲ್ಲಿ ಮೀಥೈಲ್ ಆಲ್ಕೋಹಾಲಿನ ಬೆರಕೆಯಿರುತ್ತದೆ. ಮುದಿ ನಕ್ಷತ್ರ ಉಗುಳಿದ ದೂಳಿನಲ್ಲಿ ಆ ಬೆರಕೆಯನ್ನು ನಿರೀಕ್ಷಿಸುವಂತಿಲ್ಲ. ಇಂಗಾಲದ ಡೈಆಕ್ಸೈಡಿನ ಹಿಮವು ಹದಿನೈದು ಮೈಕ್ರಾನಿನ ಬಳಿ ಪಟ್ಟೆಯೊಂದನ್ನು ಕೊರೆಯುತ್ತದೆ. ಅದಕ್ಕೆ ಮೀಥೈಲ್ ಆಲ್ಕೋಹಾಲ್ ಬೆರೆತಿದ್ದರೆ ಪಟ್ಟೆಯ ಅಂಚಿನಲ್ಲಿ, 15.4 ಮೈಕ್ರಾನಿನಲ್ಲಿ, ಒಂದು ಸಣ್ಣ ಹೆಗಲು ಮೂಡುತ್ತದೆ. ಆ ಹೆಗಲನ್ನು ಕಂಡರೆ ಒಳಗಿರುವುದು ಹಸುಗೂಸೆಂದು ತಿಳಿಯಬಹುದು.

ಭೂಮಿಯ ಮೇಲೆ ನಿಂತು ಈ ಪಟ್ಟೆಯನ್ನು ನೋಡಲಾಗದು. ನಮ್ಮ ಗಾಳಿಯಲ್ಲಿಯೂ ಇಂಗಾಲದ ಡೈಆಕ್ಸೈಡ್ ಇದ್ದು, ಅದೇ ಅಲೆಯನ್ನು ಅದು ದಾರಿಯಲ್ಲೇ ನುಂಗಿಹಾಕುತ್ತದೆ. ಆಕಾಶಕ್ಕೇ ಹೋಗಬೇಕು. 2003ರ ಆಗಸ್ಟಿನಲ್ಲಿ ಅಮೆರಿಕವು ಹಾರಿಸಿದ ಸ್ಪಿಟ್ಜರ್ ದೂರದರ್ಶಕವು ಆ ಕೆಲಸಕ್ಕೆ ಒದಗಿತು. ಕೊರಿಯಾದ ವಿಜ್ಞಾನಿ ಡಿಯೊಕ್ಕುನ್ ಆನ್ ಮತ್ತು ಸಂಗಡಿಗರು ಅದರಿಂದ ಗೆಲಾಕ್ಸಿಯ ಕೇಂದ್ರಭಾಗದ 107 ಕೆಂಪು ಹೊಳಪುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. 2011ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: 16 ಹೊಳಪುಗಳಲ್ಲಿ ಆ ಹೆಗಲು ಸ್ಪಷ್ಟವಾಗಿ ಕಂಡಿತು, ಇನ್ನೂ 19ರಲ್ಲಿ ಇರಬಹುದೆಂದು ತೋರಿತು. ಒಟ್ಟು 35. ಸೂರ್ಯನಿಗಿಂತ 8ರಿಂದ 23 ಪಾಲು ತೂಕದ ದೊಡ್ಡ ಕೂಸುಗಳು ಇವು. ಬಣ್ಣವನ್ನು ಮಾತ್ರ ನೋಡಿ ಎಳೆಯ ತಾರೆಗಳೆಂದು ಎಣಿಸಿದ್ದವುಗಳಲ್ಲಿ ಅರ್ಧದಷ್ಟು ಮಾತ್ರ ನಿಜವಾದವೆಂದಾಯಿತು.

ಅದರಿಂದ ಹೊರಟ ಲೆಕ್ಕವೆಂದರೆ, ಕೇಂದ್ರಭಾಗದಲ್ಲಿ ವರ್ಷಕ್ಕೆ ಸೂರ್ಯನ ತೂಕದ ನೂರರಲ್ಲಿ ಏಳು ಪಾಲಿನಷ್ಟು ನಕ್ಷತ್ರಗಳು ಹುಟ್ಟುತ್ತಿವೆ. ಒಬ್ಬ ಸೂರ್ಯನಷ್ಟು ಸಾಮಗ್ರಿ ನಕ್ಷತ್ರವಾಗಲು ಹದಿನಾಲ್ಕು ವರ್ಷ! ಆರ್ಪ್ 220ರಲ್ಲಿ ಅಷ್ಟು ಸಾಮಗ್ರಿಗೆ ಕೆಲವು ದಿನಗಳು ಸಾಕು.

ಸಾಕ್ಷಿಯ ಪಾಟೀಸವಾಲು

ಒಳ್ಳೆಯ ಸಾಕ್ಷಿಯೂ ಪಾಟೀಸವಾಲನ್ನು ಎದುರಿಸಬೇಕಾಗುತ್ತದೆ. ಬೆಳೆದ ನಕ್ಷತ್ರವೊಂದು ಹತ್ತಿರದ ದಟ್ಟ ದೂಳಿಗೆ ಕಾವು ಕೊಟ್ಟರೂ ಎಳೆಯ ತಾರೆಯಂತೆಯೇ ತೋರಬಹುದೆಂದು 2015ರಲ್ಲಿ ಕ್ರಿಸ್ಟೀನ್ ಕೋಪ್‌ಫರ್ಲ್ ಮತ್ತು ಸಂಗಡಿಗರು ಗಣಿತದ ಮಾದರಿಗಳಿಂದ ತೋರಿಸಿದರು. ಎಂದರೆ ಹಿಂದಿನ ಎಣಿಕೆಯಲ್ಲಿಯೂ ಅತಿಶಯವಿದ್ದಿರಬಹುದು, ಬರವು ತಿಳಿದದ್ದಕ್ಕಿಂತ ಘೋರವಿರಬಹುದು. ಹಾಗಾಗಿ ಇನ್ನೂ ತೀಕ್ಷ್ಣವಾದ ಕಣ್ಣು ಬೇಕಾಯಿತು.

2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕವು ಅಂಥ ಕಣ್ಣು. ಅದರ ಕನ್ನಡಿಯ ಅಡ್ಡಳತೆ ಆರೂವರೆ ಮೀಟರು. ತನ್ನ ಮೈಕಾವೇ ತನಗೆ ಅಡ್ಡಬಾರದಂತೆ ಅದು ಬಿಸಿಲಿಗೆ ಐದು ಪದರದ ಕೊಡೆ ಹಿಡಿದು ತಣ್ಣಗೆ ನಿಂತಿದೆ. ಅದರಿಂದ ನೋಡಲ್ಪಟ್ಟ ಮೇಘಗಳಲ್ಲಿ ಒಂದಕ್ಕೆ ವಿಜ್ಞಾನಿಗಳು ‘ಇಟ್ಟಿಗೆ’ ಎಂದೇ ಅಡ್ಡಹೆಸರಿಟ್ಟಿದ್ದಾರೆ. ಲಕ್ಷ ಸೂರ್ಯರಷ್ಟು ತೂಕದ ಕಗ್ಗತ್ತಲೆಯ ಮೇಘವದು. ಆದರೂ ಅದರೊಳಗೆ ಹುಟ್ಟುತ್ತಿರುವ ನಕ್ಷತ್ರಗಳು ತೀರ ಕಡಿಮೆ. ಹದ ತಪ್ಪಿದ ಹೊಲಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಆಡಂ ಗಿನ್ಸ್‌ಬರ್ಗ್ ಮತ್ತು ಸಂಗಡಿಗರು 2023ರಲ್ಲಿ ಈ ‘ಇಟ್ಟಿಗೆ’ಯ ಹಿಂದಿನ ನಕ್ಷತ್ರಗಳನ್ನು ನೋಡಿದಾಗ ಅವುಗಳ ಬಣ್ಣ ವಿಚಿತ್ರವಾಗಿ ಕಂಡಿತು. ದೂಳಿನ ಹಿಂದಿರುವ ನಕ್ಷತ್ರ ಕೆಂಪಾಗಬೇಕಷ್ಟೆ? ಕೆಲವು ಅಲೆಗಳಲ್ಲಿ ಹೋಲಿಸಿದಾಗ ಅವು ನೀಲಿಯ ಕಡೆಗೆ ವಾಲಿದ್ದವು. ಕಾರಣವೇನೆಂದರೆ, ಇಂಗಾಲದ ಮಾನಾಕ್ಸೈಡಿನ ಹಿಮವು 4.67 ಮೈಕ್ರಾನಿನ ಬಳಿಯ ಕೆಂಪುಭಾಗದ ಬೆಳಕನ್ನು ನುಂಗಿಬಿಟ್ಟಿತ್ತು! ಇಂಗಾಲದ ಮಾನಾಕ್ಸೈಡ್ ಹೆಪ್ಪುಗಟ್ಟಬೇಕಾದರೆ ಕಣವು ಸೊನ್ನೆಗಿಂತ ಸುಮಾರು 250 ಡಿಗ್ರಿ ಕೆಳಗಿರಬೇಕು. ಆ ಮೇಘದ ಅನಿಲವಾದರೋ ಅದಕ್ಕಿಂತ ಎಷ್ಟೋ ಬಿಸಿ. ಜೋಳದ ಎಲೆಯ ನ್ಯಾಯವೇ ಇಲ್ಲಿಯೂ ನಡೆದಿದೆ: ಗಾಳಿಗೆ ಬಿಸಿ, ಎಲೆಗೆ ತಂಪು. ಅನಿಲವು ಕಲಕಾಟದಿಂದ ಕಾಯುತ್ತದೆ, ದೂಳು ತನ್ನ ಕಾವನ್ನು ಆಕಾಶಕ್ಕೆ ಚೆಲ್ಲಿ ತಣಿಯುತ್ತದೆ. ಬೇಗೆಯ ನಡುವೆಯೇ ಹಿಮ ಬೆಳೆಯುತ್ತದೆ.

ಈ ತಿಳಿವಿನಿಂದ ಒಂದು ಎಚ್ಚರವೂ ಬಂದಿತು. ಮೇಘಗಳಲ್ಲಿ ಸಾಮಗ್ರಿ ಎಷ್ಟಿದೆಯೆಂಬುದನ್ನು ಅಳೆಯಲು ವಿಜ್ಞಾನಿಗಳು ಬಹುಕಾಲದಿಂದ ಇಂಗಾಲದ ಮಾನಾಕ್ಸೈಡ್ ಅನಿಲದ ರೇಡಿಯೊ ಅಲೆಗಳನ್ನು ನೆಚ್ಚಿದ್ದರು. ಅನಿಲದ ಒಂದು ದೊಡ್ಡ ಪಾಲು ಹಿಮವಾಗಿ ಅವಿತುಕೊಂಡಿದ್ದರೆ ಆ ಅಳತೆ ತಪ್ಪುತ್ತದೆ. ಹಗೇವಿನ ಬಾಯಿಯಲ್ಲಿ ಕಂಡಷ್ಟನ್ನೇ ನೋಡಿ ಒಳಗಿನ ಜೋಳದ ಲೆಕ್ಕ ಹೇಳಿದಂತಾಗುತ್ತದೆ.

ಇದೇ ಕೇಂದ್ರಭಾಗದಲ್ಲಿ ಹದ ಬಂದ ಹೊಲಗಳೂ ಇಲ್ಲದಿಲ್ಲ. ಸ್ಯಾಜಿಟೇರಿಯಸ್ ಬಿ2 ಎಂಬ ಮೇಘದಲ್ಲಿರುವುದು ಈ ಪ್ರದೇಶದ ಅನಿಲದ ಹತ್ತರಲ್ಲಿ ಒಂದು ಪಾಲು, ಆದರೆ ಇಲ್ಲಿ ಹುಟ್ಟುವ ನಕ್ಷತ್ರಗಳಲ್ಲಿ ಅರ್ಧದಷ್ಟು ಅದರದೇ. ವೆಬ್ ದೂರದರ್ಶಕವು ತೆಗೆದ ಅದರ ಚಿತ್ರಗಳು 2025ರಲ್ಲಿ ಪ್ರಕಟವಾದವು. ಅಲ್ಲಿ ಹೊಸ ತಾರೆಗಳ ಕಾವಿಗೆ ದೂಳಿನ ಹಿಮವು ಆವಿಯಾಗಿ ತನ್ನೊಳಗೆ ಬೇಯಿಸಿಟ್ಟಿದ್ದ ಅಣುಗಳನ್ನು ಹೊರಗೆ ಬಿಡುತ್ತಿದೆ. 1975ರಷ್ಟು ಹಿಂದೆಯೇ ಅಲ್ಲಿ ಈಥೈಲ್ ಆಲ್ಕೋಹಾಲ್, ಎಂದರೆ ಸಾರಾಯಿಯ ಜೀವಾಳ, ಪತ್ತೆಯಾಗಿತ್ತು. ಕೇಂದ್ರದ ಇನ್ನೊಂದು ಕಡೆಯ ಸ್ಯಾಜಿಟೇರಿಯಸ್ ಸಿ ಎಂಬ ಪ್ರದೇಶದ ಚಿತ್ರವು 2023ರ ನವೆಂಬರಿನಲ್ಲಿ ಹೊರಬಂದಿತು. ಸುಮಾರು ಐದು ಲಕ್ಷ ನಕ್ಷತ್ರಗಳು ತೋರುವ ಆ ಚಿತ್ರದ ಹಿಂದಿನ ತಂಡವನ್ನು ಮುನ್ನಡೆಸಿದ ಸ್ಯಾಮ್ಯುಯೆಲ್ ಕ್ರೋ ಆಗ ಇನ್ನೂ ಪದವಿ ತರಗತಿಯ ವಿದ್ಯಾರ್ಥಿ. ನಮ್ಮ ಕಾಲೇಜುಗಳ ತರುಣರು ಗಮನಿಸಬೇಕಾದ ಸಂಗತಿಯಿದು.

ಹರವಿಯ ನೀರು

ಇಷ್ಟು ದೂರದ ಹಿಮವನ್ನು ಕಟ್ಟಿಕೊಂಡು ಮಾದನಹಿಪ್ಪರಗಾದ ಮಾಳಿಗೆಯ ಮೇಲೆ ಮಲಗಿದವರಿಗೆ ಆಗಬೇಕಾದುದೇನು ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ.

ನಮ್ಮ ಸೂರ್ಯನೂ ಸುಮಾರು 460 ಕೋಟಿ ವರ್ಷಗಳ ಹಿಂದೆ ಇಂಥದೇ ಒಂದು ಮೇಘದಲ್ಲಿ ಹುಟ್ಟಿದನು. ಆ ಮೇಘದ ದೂಳಿನ ಮೇಲೂ ಹಿಮವಿತ್ತು. ಸೂರ್ಯನು ಬೆಳಗಿದಾಗ ಹಿಮವೆಲ್ಲ ಕರಗಿ ಚೆದರಿಹೋಗಿ ಹೊಸದಾಗಿ ನೀರು ಹುಟ್ಟಿತೋ ಅಥವಾ ಹಳೆಯ ಹಿಮವೇ ಉಳಿದು ಧೂಮಕೇತುಗಳಿಗೂ ಗ್ರಹಗಳಿಗೂ ಇಳಿದು ಬಂದಿತೋ ಎಂಬ ಚರ್ಚೆ ಬಹುದಿನ ನಡೆಯಿತು. ಇದಕ್ಕೂ ನೀರೇ ಗುರುತು ಇಟ್ಟುಕೊಂಡಿದೆ. ಸಾಧಾರಣ ಜಲಜನಕಕ್ಕಿಂತ ಇಮ್ಮಡಿ ತೂಕದ ‘ಭಾರ ಜಲಜನಕ’ವು ಕಡುಚಳಿಯಲ್ಲಿ ಹುಟ್ಟಿದ ನೀರಿನಲ್ಲಿ ಹೆಚ್ಚಾಗಿ ಸೇರಿಕೊಳ್ಳುತ್ತದೆ. ಭೂಮಿಯ ಸಾಗರಗಳಲ್ಲಿರುವ ಅದರ ಪ್ರಮಾಣವು ಸೂರ್ಯನನ್ನು ಸುತ್ತಿದ್ದ ಬಿಸಿ ಅನಿಲದಿಂದ ಮಾತ್ರ ಬರಲು ಸಾಧ್ಯವಿಲ್ಲವೆಂದೂ, ಸೌರಮಂಡಲದ ನೀರಿನ ಗಣನೀಯವಾದ ಪಾಲು ಸೂರ್ಯನಿಗಿಂತ ಹಳೆಯದೆಂದೂ 2014ರಲ್ಲಿ ಇಲ್ಸೆ ಕ್ಲೀವ್ಸ್ ಮತ್ತು ಸಂಗಡಿಗರು ತೋರಿಸಿದರು. 2023ರಲ್ಲಿ ಮಹಾವ್ಯಾಧದ ಒಂದು ಎಳೆಯ ತಾರೆಯ ಸುತ್ತಣ ನೀರಿನಲ್ಲಿಯೂ ಇದೇ ಗುರುತು ದೊರೆಯಿತು.

ಇದು ನಿಜವಾದರೆ ಪ್ರತಿಯೊಂದು ಹೊಸ ಸೂರ್ಯನ ಬಳಿಯೂ ನೀರು ಸಿದ್ಧವಾಗಿಯೇ ಇರುತ್ತದೆ. ಗ್ರಹ ಹುಟ್ಟುವ ಮೊದಲೇ ಅದರ ಬಾವಿಗೆ ನೀರು ಬಂದಿರುತ್ತದೆ. ಆದರೆ ಗೆಲಾಕ್ಸಿಯ ಕೇಂದ್ರದಂಥ ಕಲಕಾಟದ, ಬೇಗೆಯ ಸ್ಥಳದಲ್ಲಿಯೂ ಹಾಗೆಯೇ ಇದ್ದೀತೆ? ನಕ್ಷತ್ರಗಳಿಗೇ ಬರವಿರುವ ಕಡೆ ನೀರು ಸಿಕ್ಕೀತೆ? ಆ 35 ಹೊಳಪುಗಳ ಹೆಗಲೂ ‘ಇಟ್ಟಿಗೆ’ಯ ಹಿಮವೂ ಈ ಪ್ರಶ್ನೆಯ ಒಂದು ಭಾಗಕ್ಕೆ ಉತ್ತರ ಕೊಟ್ಟಿವೆ. ಅಲ್ಲಿ ಹಿಮವಿದೆ; ಹೇರಳವಾಗಿದೆ. ಹದ ಎಂದು ಬಂದೀತು, ಯಾವ ಮೇಘಕ್ಕೆ ಬಂದೀತು ಎಂಬುದು ಮಾತ್ರ ಉಳಿದಿದೆ.

ಮಾಳಿಗೆಯ ಮೇಲೆ ಎಚ್ಚರಗೊಂಡವರಿಗೆ ಬಾಯಾರಿಕೆಯಾಗಿರಬೇಕು. ತಲೆದೆಸೆಯಲ್ಲಿಟ್ಟ ಹರವಿಯಿಂದ ಅವರು ಒಂದು ತಂಬಿಗೆ ನೀರನ್ನು ಬಗ್ಗಿಸಿಕೊಂಡು ಕುಡಿಯುತ್ತಾರೆ. ಅದರಲ್ಲಿ ಒಂದು ಪಾಲು ಸೂರ್ಯನು ಹುಟ್ಟುವುದಕ್ಕೂ ಮೊದಲು, ಹೆಸರಿಲ್ಲದ ಯಾವುದೋ ಮೇಘದ ಕತ್ತಲೆಯಲ್ಲಿ, ದೂಳಿನ ಕಣದ ಮೇಲೆ ಹಿಮವಾಗಿ ಅಂಟಿದ್ದ ನೀರು. ಅಷ್ಟರಲ್ಲಿ ಚೇಳಿನ ಕೊಂಡಿಯು ಪಶ್ಚಿಮಕ್ಕೆ ವಾಲತೊಡಗಿರುತ್ತದೆ. ಬೆಳಗಾಗಲು ಇನ್ನೂ ಎರಡು ಮೂರು ತಾಸುಗಳಿವೆ.